ಖಾನಾವಳಿ ಮಾಲೀಕರೇ, ಹಸಿ ತಪ್ಪಲನ್ನು ತಟ್ಟೆಗೆ ಮರಳಿ ತನ್ನಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಖಾನಾವಳಿಗಳ ಮಾಲೀಕರಿಗೂ ಅಲ್ಲಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಅಕ್ಕಂದಿರಿಗೂ ನಮಸ್ಕಾರ.

ನಾನು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಪಥ್ಯ ಹೇಳುವ ಕೆಲಸ ಮಾಡುತ್ತೇನೆ. ನನ್ನ ಮಧ್ಯಾಹ್ನದ ಊಟ ಮಾತ್ರ ಹೆಚ್ಚಾಗಿ ನಿಮ್ಮಂಥವರ ಕೈಯದೇ. ಹಾಗಾಗಿ ಈ ಪತ್ರವನ್ನು ಆಸ್ಪತ್ರೆಯವರ ಉಪದೇಶವೆಂದು ಪಕ್ಕಕ್ಕಿಡಬೇಡಿ. ಹಳೆಯ ಗಿರಾಕಿಯೊಬ್ಬಳ ತಕರಾರೆಂದೇ ಓದಿ.

ತಕರಾರು ಸಣ್ಣದು. ನಿಮ್ಮ ತಟ್ಟೆಯಿಂದ ಹಸಿ ತಪ್ಪಲು, ಅಂದರೆ ಹಸಿಯಾಗಿ ತಿನ್ನುವ ಸೊಪ್ಪು, ಕಾಣೆಯಾಗಿದೆ. ಮೊದಲೆಲ್ಲ ರೊಟ್ಟಿಯ ಮಗ್ಗುಲಲ್ಲಿ ಒಂದು ಹಿಡಿ ಹಕ್ಕರಿಕೆ ಸೊಪ್ಪು, ನಾಲ್ಕು ಎಸಳು ಮೆಂತ್ಯ, ಎಲೆಯ ಸಮೇತ ಸೀಳಿದ ಎಳೆ ಮೂಲಂಗಿ, ಉಳ್ಳಾಗಡ್ಡಿ ತಪ್ಪಲು, ಸೌತೆಕಾಯಿ, ಒಂದು ಹಸಿಮೆಣಸಿನಕಾಯಿ ಕೇಳದೆಯೇ ಬಂದು ಕೂರುತ್ತಿದ್ದವು. ಪಕ್ಕದಲ್ಲಿ ಹಿಂಡಿ, ಅಂದರೆ ಚಟ್ನಿಪುಡಿ: ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಅದರ ಮೇಲೆ ಹಸಿ ಎಣ್ಣೆ. ತಪ್ಪಲನ್ನು ಹಿಂಡಿಯಲ್ಲಿ ಅದ್ದಿ, ರೊಟ್ಟಿಯ ತುಣುಕಿನಲ್ಲಿ ಮಡಚಿ ಬಾಯಿಗಿಡುವುದೇ ಊಟದ ಮೊದಲ ತುತ್ತಾಗಿತ್ತು. ಈಗ ಉಳಿದಿರುವುದು ಎರಡು ಬಿಲ್ಲೆ ಸೌತೆಕಾಯಿ, ಆಚೆಗಿನದು ಕಾಣುವಷ್ಟು ತೆಳುವಾಗಿ ಹೆಚ್ಚಿದ ಉಳ್ಳಾಗಡ್ಡಿ, ಮತ್ತು ಹಿಂಡಿದರೆ ಬೀಜವೊಂದನ್ನೇ ಉದುರಿಸುವ ನಿಂಬೆಯ ಚೂರು. ಉಳ್ಳಾಗಡ್ಡಿ ತುಟ್ಟಿಯಾದ ವಾರ ಅದರ ಜಾಗಕ್ಕೆ ಕೋಸು ಬರುತ್ತದೆ.

ಈಚೆಗೆ ಒಂದು ಖಾನಾವಳಿಯಲ್ಲಿ ಬಡಿಸುವ ಹುಡುಗನನ್ನು ಕೇಳಿದೆ. “ಯಾರೂ ತಿನ್ನುವುದಿಲ್ಲ ಅಕ್ಕಾ, ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ” ಎಂದ. ಹುಡುಗ ಸುಳ್ಳು ಹೇಳಲಿಲ್ಲ. ಆದರೆ ಬೆಳಿಗ್ಗೆ ಹತ್ತಕ್ಕೆ ತೊಳೆದು, ಬುಟ್ಟಿಯಲ್ಲಿ ಬಿಸಿಲಿನ ಕಡೆ ಇಟ್ಟು, ಮಧ್ಯಾಹ್ನ ಎರಡಕ್ಕೆ ಬಡಿಸಿದ ಮೆಂತ್ಯವನ್ನು ನಾನಾದರೂ ಬಿಟ್ಟು ಏಳುತ್ತೇನೆ. ಆ ಹೊತ್ತಿಗೆ ಅದರಲ್ಲಿ ಗರಿಯೂ ಇರುವುದಿಲ್ಲ, ರುಚಿಯೂ ಇರುವುದಿಲ್ಲ. ಗಿರಾಕಿ ಬಿಟ್ಟದ್ದು ಬಾಡಿದ ತಪ್ಪಲನ್ನು. ನೀವು ಅದನ್ನು ನೋಡಿ ತಪ್ಪಲನ್ನೇ ಕೈಬಿಟ್ಟಿರಿ.

2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದಾಗ ನಮ್ಮ ಜೋಳದ ರೊಟ್ಟಿಗೆ ಎಲ್ಲಿಲ್ಲದ ಮರ್ಯಾದೆ ಬಂತು. ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ಅದರ ಹೆಸರು ಏರಿತು. ಒಳ್ಳೆಯದೇ ಆಯಿತು. ಆದರೆ ಜೋಳದ ರೊಟ್ಟಿ ಒಂಟಿಯಾಗಿ ಉಣ್ಣುವ ಪದಾರ್ಥ ಎಂದೂ ಆಗಿರಲಿಲ್ಲ. ಕಾಳು, ಹಿಂಡಿ, ಮೊಸರು, ತಪ್ಪಲು ಎಲ್ಲ ಸೇರಿ ಅದು ಊಟವಾಗುತ್ತಿತ್ತು. ಮೆರವಣಿಗೆಯಲ್ಲಿ ರೊಟ್ಟಿಯನ್ನು ಹೊತ್ತೊಯ್ದವರು ತಪ್ಪಲನ್ನು ಓಣಿಯಲ್ಲೇ ಮರೆತು ಹೋದರು.

ಇದರಲ್ಲಿ ರುಚಿಯ ಮಾತಷ್ಟೇ ಇದ್ದಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಜೋಳದಲ್ಲಿ ಕಬ್ಬಿಣದ ಅಂಶವಿದೆ, ಕಾಳಿನಲ್ಲೂ ಇದೆ. ಆದರೆ ಧಾನ್ಯ ಮತ್ತು ಕಾಳುಗಳಲ್ಲಿರುವ ಫೈಟೇಟ್ ಎಂಬ ಅಂಶ ಆ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಕರುಳು ಹೀರಿಕೊಳ್ಳಲು ಸುಲಭಕ್ಕೆ ಬಿಡುವುದಿಲ್ಲ. ಅದೇ ತುತ್ತಿನೊಂದಿಗೆ ಸಿ ಜೀವಸತ್ವ ಹೊಟ್ಟೆಗೆ ಹೋದರೆ ಆ ಹಿಡಿತ ಸಡಿಲವಾಗುತ್ತದೆ. ಸಿ ಜೀವಸತ್ವಕ್ಕೆ ಬೆಂಕಿ ಆಗಿಬರುವುದಿಲ್ಲ. ಕುದಿಸಿದರೆ ಒಂದು ಪಾಲು ನಾಶವಾಗುತ್ತದೆ, ಇನ್ನೊಂದು ಪಾಲು ಬಸಿದ ನೀರಿನ ಜೊತೆ ಬಚ್ಚಲಿಗೆ ಹೋಗುತ್ತದೆ. ಹಸಿ ಮೆಂತ್ಯ, ಹಸಿ ಕೊತ್ತಂಬರಿ, ಹಸಿಮೆಣಸಿನಕಾಯಿ, ಧಾರಾಳವಾಗಿ ಹಿಂಡಿದ ನಿಂಬೆಹಣ್ಣು, ಇವು ರೊಟ್ಟಿಯ ಪಕ್ಕದಲ್ಲೇ ಇರಬೇಕಾದದ್ದು ಅದಕ್ಕಾಗಿ. ಊಟದ ಬೆನ್ನಿಗೇ ಚಹಾ ಕುಡಿದರೆ ಅದರೊಳಗಿನ ಟ್ಯಾನಿನ್ ಮತ್ತೆ ಅದೇ ಕಬ್ಬಿಣಕ್ಕೆ ಅಡ್ಡಗಾಲು ಹಾಕುತ್ತದೆ. ನಿಮ್ಮ ಖಾನಾವಳಿಗೆ ಆತುಕೊಂಡು ಚಹಾದಂಗಡಿ ಇದ್ದರೆ ಅದು ನಿಮ್ಮ ತಪ್ಪಲ್ಲ, ಬಿಡಿ.

2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಶೇ. 65.5. ಇದಕ್ಕೆಲ್ಲ ಖಾನಾವಳಿಯ ತಟ್ಟೆ ಕಾರಣ ಎಂದು ಹೇಳುವಷ್ಟು ತಲೆ ಕೆಟ್ಟಿಲ್ಲ ನನಗೆ. ಬಡತನವಿದೆ, ಜಂತುಹುಳುವಿದೆ, ಮನೆಮಂದಿಗೆಲ್ಲ ಬಡಿಸಿ ಕೊನೆಗೆ ತಳ ಕೆರೆದು ಉಣ್ಣುವ ರೂಢಿಯಿದೆ. ಆದರೆ ಧಾರವಾಡದ ಓಣಿಗಳನ್ನು ಒಮ್ಮೆ ನೆನೆಯಿರಿ. ಕಾಲೇಜಿಗೆ, ವಿಶ್ವವಿದ್ಯಾಲಯಕ್ಕೆ, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆಂದು ಬಂದು ಬಾಡಿಗೆ ಕೋಣೆಯಲ್ಲಿ ಇರುವ ಹಳ್ಳಿಯ ಹುಡುಗ ಹುಡುಗಿಯರು ಎಷ್ಟೊಂದು ಜನ! ಅವರಿಗೆ ಖಾನಾವಳಿಯೆಂದರೆ ಎಂದಾದರೊಮ್ಮೆ ಹೋಗಿ ಉಣ್ಣುವ ಜಾಗವಲ್ಲ. ತಿಂಗಳ ಲೆಕ್ಕದಲ್ಲಿ ಹಣ ಕಟ್ಟಿ ಎರಡು ಹೊತ್ತೂ ನಿಮ್ಮ ತಟ್ಟೆಯನ್ನೇ, ನಿಮ್ಮ ಡಬ್ಬಿಯನ್ನೇ ನಂಬಿಕೊಂಡವರು ಅವರು. ನೀವು ಬಡಿಸದ ಸೊಪ್ಪು ಅವರ ಹೊಟ್ಟೆಗೆ ಬೇರೆ ದಾರಿಯಿಂದ ಹೋಗುವುದಿಲ್ಲ. ಅವರು ತಾವಾಗಿ ಕೊಂಡು ತಿನ್ನುವುದು ಚುರುಮುರಿಯ ಗಿರಮಿಟ್ಟು ಮತ್ತು ಮಿರ್ಚಿ ಭಜಿ.

ಅಂಥವರು ನಮ್ಮಲ್ಲಿಗೆ ಸುಸ್ತು, ತಲೆಸುತ್ತು, ಮಲಬದ್ಧತೆ ಎಂದು ಬಂದಾಗ “ನಿನ್ನೆ ತರಕಾರಿ ಏನು ತಿಂದೆ?” ಎಂದು ಕೇಳುತ್ತೇನೆ. “ಪಲ್ಯ ತಿಂದಿದ್ದೇನೆ” ಎಂಬ ಉತ್ತರ ಬರುತ್ತದೆ. ಯಾವ ಪಲ್ಯ ಎಂದು ಕೆದಕಿದರೆ ಆಲೂಗಡ್ಡೆ, ಇಲ್ಲವೇ ಮಡಿಕೆ ಕಾಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇರಬೇಕೆಂದಿದೆ. ವಿಶ್ವ ಆರೋಗ್ಯ ಸಂಸ್ಥೆ ತರಕಾರಿ-ಹಣ್ಣು ಎರಡೂ ಸೇರಿ ಕನಿಷ್ಠ 400 ಗ್ರಾಂ ಎನ್ನುತ್ತದೆ. ಆಲೂಗಡ್ಡೆಯನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಳುಪಲ್ಯ ಬಲು ಒಳ್ಳೆಯದು, ಆದರೆ ಅದು ಬೇಳೆಕಾಳಿನ ಲೆಕ್ಕಕ್ಕೆ ಸೇರುತ್ತದೆ. ಎಣ್ಣೆಗಾಯಿಯಲ್ಲಿರುವುದು ಒಂದು ಅಥವಾ ಒಂದೂವರೆ ಪುಟ್ಟ ಬದನೆಕಾಯಿ. ಉಳಿದದ್ದು ಶೇಂಗಾ, ಮಸಾಲೆ, ಎಣ್ಣೆ. ತಟ್ಟೆಯಲ್ಲಿರುವ ತರಕಾರಿಯನ್ನೆಲ್ಲ ಒಟ್ಟುಮಾಡಿ ತಕ್ಕಡಿಗೆ ಹಾಕಿದರೆ ನೂರು ಗ್ರಾಂ ತೂಗುವುದೂ ಕಷ್ಟ.

ಹಸಿಯದೇ ಶ್ರೇಷ್ಠ, ಬೇಯಿಸಿದ್ದೆಲ್ಲ ಕಸ ಎಂಬ ಮೊಬೈಲ್ ವೈದ್ಯರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಪುಂಡಿಯನ್ನು, ರಾಜಗಿರಿಯನ್ನು, ಪಾಲಕವನ್ನು ಬೇಯಿಸಿಯೇ ತಿನ್ನಬೇಕು. ಅವುಗಳಲ್ಲಿರುವ, ಸುಣ್ಣದ ಅಂಶವನ್ನು ಮೈಗೆ ಹತ್ತಗೊಡದ ಆಕ್ಸಲೇಟ್ ಬೇಯಿಸಿದಾಗ ಒಂದಿಷ್ಟು ಕಡಿಮೆಯಾಗುತ್ತದೆ. ಸೊಪ್ಪು ಮತ್ತು ಗಜ್ಜರಿಯಲ್ಲಿರುವ, ಮೈಯೊಳಗೆ ಎ ಜೀವಸತ್ವವಾಗುವ ಕ್ಯಾರೊಟಿನ್ ಬೇಯಿಸಿ ಎಣ್ಣೆ ಸೇರಿಸಿದಾಗಲೇ ಮೈಗೆ ಚೆನ್ನಾಗಿ ಹತ್ತುತ್ತದೆ. ಹಿಂಡಿಗೆ ಎಣ್ಣೆ ಹಾಕಿಕೊಂಡು ತಪ್ಪಲು ತಿನ್ನುವ ನಮ್ಮ ಹಿರಿಯರ ಪದ್ಧತಿಯಲ್ಲಿ ಆ ಜಾಣತನವೂ ಇತ್ತು. ಇನ್ನು ಮೆಂತ್ಯ ತಿಂದರೆ ಸಕ್ಕರೆ ಕಾಯಿಲೆ ಓಡಿಹೋಗುತ್ತದೆಂದು ಮಾತ್ರೆ ನಿಲ್ಲಿಸಿ ಬಂದವರನ್ನು ನೋಡಿ ನೋಡಿ ಸಾಕಾಗಿದೆ. ಹೋಗುವುದಿಲ್ಲ. ಸೊಪ್ಪು ಊಟ, ಮಾತ್ರೆ ಮಾತ್ರೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸಬಾರದು, ಇಳಿಸಲೂಬಾರದು. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಉಳಿದ ನಮಗೆಲ್ಲ ಒಂದು ಹಿಡಿ ತಪ್ಪಲಿನಿಂದ ಆಗುವ ಕೇಡೇನಿಲ್ಲ, ಅದು ಸ್ವಚ್ಛವಾಗಿದ್ದರೆ.

ಆ ‘ಸ್ವಚ್ಛವಾಗಿದ್ದರೆ’ ಎಂಬಲ್ಲಿ ನಿಮಗೂ ಅಳುಕಿದೆಯೆಂದು ಬಲ್ಲೆ. ಹಲವರು ಹೇಳಿದ್ದೀರಿ: “ಗಟಾರದ ನೀರಿನಲ್ಲಿ ಬೆಳೆದದ್ದನ್ನು ಹಸಿಯಾಗಿ ಕೊಟ್ಟು ಗಿರಾಕಿಗೆ ಏನಾದರೂ ಆದರೆ ಯಾರು ಹೊಣೆ?” ಇದನ್ನು ನೆಪವೆಂದು ತಳ್ಳಿಹಾಕಲಾರೆ. ಅವಳಿನಗರದ ನಾಲೆಗಳ ಕೊಳಚೆ ನೀರನ್ನು ಸುತ್ತಲಿನ ಹೊಲಗಳಿಗೆ ಹಾಯಿಸಿ ತರಕಾರಿ ಬೆಳೆಯುವ ಸಂಗತಿಯನ್ನು ಸಂಶೋಧಕರು 2000ದ ದಶಕದ ಆರಂಭದಲ್ಲೇ ಅಧ್ಯಯನ ಮಾಡಿ ಬರೆದಿದ್ದಾರೆ. ರೈತನನ್ನು ಬೈದು ಪ್ರಯೋಜನವಿಲ್ಲ. ವರ್ಷವಿಡೀ ಬತ್ತದ ನೀರು, ಅದರಲ್ಲೇ ಪುಕ್ಕಟೆ ಗೊಬ್ಬರ, ಇತ್ತ ಕೊಳವೆಬಾವಿಯ ಖರ್ಚು ಕೈಗೆಟುಕುವುದಿಲ್ಲ. ಅವನ ಜಾಗದಲ್ಲಿದ್ದರೆ ನೀವೂ ನಾನೂ ಅದನ್ನೇ ಮಾಡುತ್ತಿದ್ದೆವು. ಸವದತ್ತಿಯ ರೇಣುಕಾಸಾಗರದಿಂದ ನಮ್ಮ ನಲ್ಲಿಗೆ ಬಂದ ಮಲಪ್ರಭೆಯ ನೀರನ್ನು ಹೊಲಸು ಮಾಡಿ ನಾಲೆಗೆ ಬಿಟ್ಟವರು ನಾವು. ಅದು ಸೊಪ್ಪಿನ ಸೂಡಾಗಿ ನಮ್ಮಲ್ಲಿಗೇ ಮರಳಿದರೆ ಮೂಗು ಮುಚ್ಚಿಕೊಳ್ಳುವವರೂ ನಾವೇ.

ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸುವ ನೀರಿನ ಪ್ರತಿ ಲೀಟರಿನಲ್ಲಿ ಜಂತುಹುಳುವಿನ ಮೊಟ್ಟೆ ಒಂದನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಮಿತಿ ಹಾಕಿಕೊಟ್ಟಿದೆ. ಹಾಗಾಗಿ ಈ ಪತ್ರದ ಒಂದು ಪ್ಯಾರಾ ಮಹಾನಗರ ಪಾಲಿಕೆಗೂ ನಗರಸಭೆಗಳಿಗೂ ಸಲ್ಲುತ್ತದೆ. ಸ್ವಾಮಿ, ನಾಲೆಗೆ ಬೀಳುವ ನೀರನ್ನು ಪೂರ್ತಿಯಾಗಿ ಶುದ್ಧೀಕರಿಸಿಯೇ ಬಿಡಿ. ಶುದ್ಧೀಕರಿಸಿದ ನೀರಿನ ಪರೀಕ್ಷೆಯ ಫಲಿತಾಂಶವನ್ನು ತಿಂಗಳಿಗೊಮ್ಮೆ ಕನ್ನಡದಲ್ಲಿ, ರೈತರಿಗೂ ಖಾನಾವಳಿಯವರಿಗೂ ತಿಳಿಯುವಂತೆ ಪ್ರಕಟಿಸಿ. ಯಾವ ಬೆಳೆಗೆ ಆ ನೀರು ನಡೆಯುತ್ತದೆ, ಯಾವುದಕ್ಕೆ ನಡೆಯದು ಎಂದು ಕೃಷಿ ವಿಶ್ವವಿದ್ಯಾಲಯದವರಿಂದ ಹೇಳಿಸಿ. ಆ ವಿಶ್ವವಿದ್ಯಾಲಯ 1986ರಿಂದ ಧಾರವಾಡದಲ್ಲೇ ಇದೆ, ದೂರದಿಂದ ಯಾರನ್ನೂ ಕರೆಸಬೇಕಾಗಿಲ್ಲ. ಸೊಪ್ಪು ಮಾರುವವರಿಗೆ ಮಾರುಕಟ್ಟೆಗಳಲ್ಲಿ ನೆರಳು ಮತ್ತು ಒಂದು ಶುದ್ಧ ನೀರಿನ ನಲ್ಲಿ ಕೊಡಿ. ಬಾಡಬಾರದೆಂದು ದಿನವಿಡೀ ಚಿಮುಕಿಸುವ ನೀರು ಎಲ್ಲಿಂದ ಬರುತ್ತದೆ ಎಂಬುದೂ ಸೊಪ್ಪು ಎಲ್ಲಿ ಬೆಳೆಯಿತು ಎಂಬಷ್ಟೇ ಮುಖ್ಯ.

ಇದೆಲ್ಲ ಆಗುವವರೆಗೆ ನಿಮ್ಮ ಕೈಯಲ್ಲಿ ಎರಡು ಉಪಾಯಗಳಿವೆ. ಮೊದಲನೆಯದು, ಗುರುತಿನವರಲ್ಲಿ ಕೊಳ್ಳುವುದು. ಮಾರುಕಟ್ಟೆಯಲ್ಲಿ ನಸುಕಿನಲ್ಲೇ ಗಂಟು ಬಿಚ್ಚಿ ಕೂರುವ ಹೆಣ್ಣುಮಕ್ಕಳು ಯಾವ ಊರಿನವರು, ಬಾವಿಯ ನೀರೋ ನಾಲೆಯ ನೀರೋ, ಕೇಳಿದರೆ ಹೇಳುತ್ತಾರೆ. ದಿನವೂ ಇಷ್ಟು ಸೂಡು ನನಗೇ ಬೇಕು ಎಂದು ಒಬ್ಬರೊಂದಿಗೆ ಮಾತಾಡಿಕೊಂಡರೆ ಆಕೆಗೂ ಸಂಜೆಯವರೆಗೆ ಕಾಯುವ ಕಷ್ಟ ತಪ್ಪುತ್ತದೆ.

ಎರಡನೆಯದು ತೊಳೆಯುವ ರೀತಿ. ನಾನು ನೋಡಿದ ಬಹಳಷ್ಟು ಅಡುಗೆಮನೆಗಳಲ್ಲಿ ಸೂಡನ್ನು ಬಿಚ್ಚದೆ, ದಾರದ ಸಮೇತ ನೀರಿನಲ್ಲಿ ಅದ್ದಿ ಎತ್ತುತ್ತಾರೆ. ಹಾಗೆ ಮಾಡಿದರೆ ತೊಯ್ಯುತ್ತದೆಯೇ ಹೊರತು ತೊಳೆದಂತಾಗುವುದಿಲ್ಲ. ಸೂಡು ಬಿಚ್ಚಬೇಕು, ಬೇರನ್ನು ಎರಡು ಬೆರಳು ಮೇಲಕ್ಕೆ ಕತ್ತರಿಸಿ ಎಸೆಯಬೇಕು, ಹಳದಿ ಎಲೆ ಆರಿಸಬೇಕು. ಅಗಲ ಬಾಯಿಯ ಪಾತ್ರೆಯ ತುಂಬ ನೀರು ಹಾಕಿ, ಎಸಳುಗಳನ್ನು ಬಿಡಿಬಿಡಿಯಾಗಿ ಹರಡಿ, ಕೈಯಾಡಿಸಿ, ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಮಣ್ಣು ತಳಕ್ಕೆ ಇಳಿಯುತ್ತದೆ. ಆಮೇಲೆ ಪಾತ್ರೆಯನ್ನು ಬಗ್ಗಿಸಿ ನೀರು ಬಸಿಯಬಾರದು. ಬಸಿದರೆ ತಳದ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೆಯೇ ಕೂರುತ್ತದೆ. ಎರಡೂ ಕೈಯಿಂದ ಸೊಪ್ಪನ್ನು ಮೇಲಕ್ಕೆತ್ತಿ ಬೇರೆ ಪಾತ್ರೆಗೆ ಹಾಕಬೇಕು. ತಳದಲ್ಲಿ ಒಂದು ಕಣ ಮರಳೂ ಕಾಣದಂತಾಗುವವರೆಗೆ ನೀರು ಬದಲಿಸುತ್ತ ಇದನ್ನೇ ಮಾಡಿ, ಕೊನೆಗೆ ಕುಡಿಯುವ ನೀರನ್ನು ಧಾರೆಯಾಗಿ ಬಿಟ್ಟು ತೊಳೆದು ಜಾಲರಿ ಬುಟ್ಟಿಯಲ್ಲಿ ಸೋರಲು ಇಡಬೇಕು. ಉಪ್ಪು ನೀರಿನಲ್ಲಿ ನೆನೆಸಿದರೆ ಸಣ್ಣ ಹುಳುಗಳು ಬಿಟ್ಟುಕೊಳ್ಳುತ್ತವೆ, ಆದರೆ ಜಂತುಹುಳುವಿನ ಮೊಟ್ಟೆ ಉಪ್ಪಿಗೆ ಹೆದರುವ ಜಾತಿಯಲ್ಲ. ಅದನ್ನು ಉಜ್ಜಿ ಹರಿಸಿ ಕಳೆಯಬೇಕು. ಕೋಸು ತಿಂದರೆ ಮಿದುಳಿಗೆ ಹುಳು ಏರುತ್ತದೆ ಎಂಬ ಭಯದ ಮೂಲವೂ ಇಲ್ಲೇ ಇದೆ. ತಪ್ಪು ಕೋಸಿನದಲ್ಲ, ಮನುಷ್ಯರ ಮಲ ಬೆರೆತ ಮಣ್ಣು ಮತ್ತು ನೀರಿನದು. ಕತ್ತರಿಸುವ ಮಣೆ, ಚಾಕು ಬೇರೆ ಇರಲಿ. ತೊಳೆಯುವವರ ಕೈಯೂ ಸಾಬೂನು ಕಂಡಿರಲಿ.

ಮಳೆಗಾಲದಲ್ಲಿ, ಅದರಲ್ಲೂ ಜಡಿಮಳೆ ಹಿಡಿದ ವಾರಗಳಲ್ಲಿ, ಎಲೆಗೆ ಎಲೆಯೇ ಕೆಸರಾಗಿರುತ್ತದೆ. ಆಗ ಹಸಿ ಸೊಪ್ಪು ಕೊಡಲೇಬೇಕೆಂಬ ಹಟ ನನಗಿಲ್ಲ. ಪುಂಡಿಪಲ್ಯ ಮಾಡಿ, ಸಬ್ಬಸಿಗೆ ಹಾಕಿದ ಬೇಳೆ ಮಾಡಿ, ಸಿಪ್ಪೆ ಹೆರೆದ ಮೂಲಂಗಿ, ಸೌತೆಕಾಯಿ ಕೊಡಿ. ಚಳಿ ಹಿಡಿದ ಮೇಲೆ ಮಾತ್ರ ಬಿಡುವುದಿಲ್ಲ. ಎಳೆ ಮೆಂತ್ಯ, ಮೂಲಂಗಿ, ಹಸಿ ಉಳ್ಳಾಗಡ್ಡಿ ಅಗ್ಗವಾಗುವ ಕಾಲ ಅದು. ಗದಗ, ನರಗುಂದ, ನವಲಗುಂದದ ಎರೆಹೊಲಗಳಲ್ಲಿ ಕಡಲೆ ಗೇಣುದ್ದ ಬಂದು ಕುಡಿ ಚಿವುಟುವ ಹೊತ್ತೂ ಅದೇ. ಆ ಕುಡಿಯ ಹುಳಿ ಬೆರಳಿಗೆ ಅಂಟಿಕೊಂಡರೆ ಸಂಜೆಯವರೆಗೆ ಹೋಗುವುದಿಲ್ಲ. ಕುಡಿ ಚಿವುಟಿದರೆ ಗಿಡ ಕವಲೊಡೆದು ಕಾಯಿ ಹೆಚ್ಚು ಹಿಡಿಯುತ್ತದೆ, ಚಿವುಟಿದ್ದು ಪಲ್ಯವಾಗುತ್ತದೆ. ರೈತನಿಗೂ ಲಾಭ, ನಿಮಗೂ ಲಾಭ. ಕಡಲೆ ಸೊಪ್ಪಿನ ಪಲ್ಯವನ್ನು ಖಾನಾವಳಿಯೊಂದರಲ್ಲಿ ನಾನು ಉಂಡು ಎಷ್ಟು ಕಾಲವಾಯಿತೋ!

ತಪ್ಪಲು ಸಿಗುವುದೇ ಇಲ್ಲ ಎಂದು ಹಾವೇರಿ ಕಡೆಯವರು ಹೇಳುತ್ತೀರಿ. ಅದರಲ್ಲೂ ಸತ್ಯವಿದೆ. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಸಾಲಿನ ನಡುವೆ ತಾನಾಗಿ ಎದ್ದ ಕಿರಕಸಾಲಿ, ಗೋಳಿಸೊಪ್ಪುಗಳನ್ನು ಉಡಿ ತುಂಬ ತರುತ್ತಿದ್ದರು. ಕಳೆನಾಶಕ ಹೊಡೆಯುವ ಗೋವಿನಜೋಳದ ಹೊಲದಲ್ಲಿ ಆ ಉಡಿ ತುಂಬುವುದಿಲ್ಲ, ಹೊಡೆದ ಹೊಲದ ಸೊಪ್ಪನ್ನು ಕೀಳಲೂಬಾರದು. ಅಗಸೆಯಲ್ಲಿರುವಂಥ ಒಮೆಗಾ-3 ಕೊಬ್ಬು ಗೋಳಿಸೊಪ್ಪಿನಲ್ಲೂ ಇದೆ. ಅಂಥದ್ದನ್ನು ಹಣ ಕೊಟ್ಟು ಕೊಲ್ಲುತ್ತಿದ್ದೇವೆ. ಕುಸುಬೆ ಬಿತ್ತನೆ ಕುಗ್ಗಿದ ಮೇಲೆ ಎಳೆ ಕುಸುಬೆ ಸೊಪ್ಪೂ ಅಪರೂಪವಾಯಿತು. ಆದರೆ ಅದೇ ಜಿಲ್ಲೆಯ ರಾಣೇಬೆನ್ನೂರು ತರಕಾರಿ ಬೀಜ ಉತ್ಪಾದನೆಗೆ ಹೆಸರಾದ ಊರು. ಎಲ್ಲೆಲ್ಲಿಯವರ ಹೊಲಕ್ಕೋ ಬೀಜ ಬೆಳೆದು ಕಳಿಸುವ ನಾಡಿನಲ್ಲಿ ಖಾನಾವಳಿಯ ತಟ್ಟೆಗೆ ಒಂದು ಸೂಡು ಮೆಂತ್ಯ ಹುಟ್ಟುವುದಿಲ್ಲವೆಂದರೆ ನಂಬುವುದು ಹೇಗೆ? ಮೆಂತ್ಯ ಬಿತ್ತಿದ ತಿಂಗಳೊಳಗೆ ಕೈಗೆ ಬರುತ್ತದೆ. ಗದಗಿನವರಿಗೂ ಒಂದು ಮಾತಿದೆ. ಕಪ್ಪತಗುಡ್ಡದ ಔಷಧಿ ಸಸ್ಯಗಳ ಮೇಲೆ ನಾವು ಮಾಡುವ ಭಾಷಣಕ್ಕೆ ಲೆಕ್ಕವಿಲ್ಲ. ಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು, ಸಂತೋಷ. ಗುಡ್ಡದ ಮೇಲಿನ ಗಿಡಕ್ಕೆ ಕೈಮುಗಿದು ಬಂದು, ಕೆಳಗಿನ ಊರಿನ ಊಟದಲ್ಲಿ ಕರಿಬೇವನ್ನೂ ಆರಿಸಿ ಅಂಚಿಗೆ ಸರಿಸುತ್ತೇವಲ್ಲ!

ಗಿರಾಕಿಗಳಿಗೂ ಹೇಳುವುದಿದೆ, ಎರಡೇ ಮಾತು. ಬಡಿಸಿದ್ದನ್ನು ತಿನ್ನಿ. ಬಡಿಸದಿದ್ದರೆ ಗಟ್ಟಿಯಾಗಿ ಕೇಳಿ. ಇನ್ನೊಂದು ಹಪ್ಪಳಕ್ಕೆ ಕೂಗುವ ದನಿಯೇ ಸಾಕು.

ಮತ್ತೆ ನಿಮ್ಮ ಕಡೆಗೆ. ಹಸಿ ಎಸಳನ್ನು ಇಡಿಯಾಗಿ ತಿನ್ನಲು ಈಗಿನ ಹುಡುಗರು ಮುಖ ಸಿಂಡರಿಸುವುದು ನಿಜವೇ. ಅವರಿಗೆ ಪಚಡಿ ಮಾಡಿ ಕೊಡಿ. ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ, ಗಜ್ಜರಿಯನ್ನು ಸಣ್ಣಗೆ ಹೆಚ್ಚಿ, ಗುರೆಳ್ಳು ಪುಡಿ, ಕೊತ್ತಂಬರಿ, ನಿಂಬೆರಸ, ಒಂದು ಚಮಚ ಎಣ್ಣೆ ಕಲಸಿದರೆ ಮುಗಿಯಿತು. ಉಪ್ಪನ್ನು ಮಾತ್ರ ಪಂಕ್ತಿ ಕುಳಿತ ಮೇಲೆ ಹಾಕಿ. ಮೊದಲೇ ಹಾಕಿದರೆ ನೀರು ಬಿಟ್ಟು ಮೆತ್ತಗಾಗುತ್ತದೆ. ಒಂದೇ ಸಲಕ್ಕೆ ದಿನದ ಲೆಕ್ಕಕ್ಕೆ ಹೆಚ್ಚಿಡುವ ಬದಲು ಮಧ್ಯಾಹ್ನ ಹನ್ನೆರಡಕ್ಕೊಮ್ಮೆ, ಎರಡಕ್ಕೊಮ್ಮೆ ಕಲಸಿ. ಉಳಿದ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡಿ, ಸಂಜೆಗೆ ಅದೇ ಬೇಳೆಗೆ ಆಗುತ್ತದೆ. ಪಚಡಿಯನ್ನು ತಟ್ಟೆಯಲ್ಲಿ ಉಪ್ಪಿನಕಾಯಿಯಷ್ಟು ಇಡದೆ ಒಂದು ಸೌಟು ಬಡಿಸಿ, ರೊಟ್ಟಿಗಿಂತ ಮೊದಲು ಬಡಿಸಿ. ಹಸಿದವನ ಮುಂದೆ ಮೊದಲು ಬಂದದ್ದು ಉಳಿಯುವುದಿಲ್ಲ.

ಖರ್ಚಿನ ಮಾತು ಬಂದೇ ಬರುತ್ತದೆ. ಸಿಲಿಂಡರಿನ ದರ, ಎಣ್ಣೆಯ ದರ, ರೊಟ್ಟಿ ಬಡಿಯುವವರು ಸಿಗದ ಕಷ್ಟ, ಇದೆಲ್ಲ ನನ್ನ ಕಣ್ಣೆದುರಿಗೇ ಇದೆ. ತೊಳೆಯಲು ಒಬ್ಬರ ಕೈ ಹೆಚ್ಚಿಗೆ ಬೇಕು, ನೀರು ಹೆಚ್ಚಿಗೆ ಬೇಕು, ಅದಕ್ಕೆ ಹಣ ಬೇಕು. ಊಟದ ದರಕ್ಕೆ ಐದು ರೂಪಾಯಿ ಸೇರಿಸಿ, ಯಾಕೆಂದು ಗೋಡೆಯ ಮೇಲೆ ಬರೆದು ಹಾಕಿ. ನಾನಂತೂ ಗಲ್ಲೆಯ ಹತ್ತಿರ ನಿಂತು ಜಗಳ ತೆಗೆಯುವುದಿಲ್ಲ. ದರ ಏರಿಸಿಯೂ ಸೌತೆಕಾಯಿಯ ಎರಡು ಬಿಲ್ಲೆಯನ್ನೇ ಇಟ್ಟರೆ ಮಾತ್ರ ತೆಗೆಯುತ್ತೇನೆ.

ಇಂತಿ,
ನಿಮ್ಮ ಮಧ್ಯಾಹ್ನದ ಪಂಕ್ತಿಯ ಗಿರಾಕಿ,
ಹುಬ್ಬಳ್ಳಿ